ಮ್ಯಾನುವಲ್ಲಿಗೆ ಒಬ್ಬ ಓದುಗ ಬೇಕಾಗಿದ್ದಾನೆ

ನನ್ನ ಕೆಲಸದಲ್ಲಿ ನಗುವಂಥದ್ದು ಏನೂ ಇಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ತಿಂಗಳಿಗೊಂದಾದರೂ ಏನಾದರೂ ನಡೆದು ನನ್ನ ಮಾತನ್ನು ಸುಳ್ಳು ಮಾಡುತ್ತದೆ. ನಗುವವರು ಬೇರೆಯವರು, ಅಷ್ಟೇ. ನನ್ನ ಪಾಲಿಗೆ ಬರುವುದು ತಲೆನೋವು.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಪರೇಲಿನಲ್ಲಿ, ಒಂದು ಕಾಲಕ್ಕೆ ಗಿರಣಿಯಾಗಿದ್ದು ಈಗ ಗಾಜಿನ ಬಿಲ್ಡಿಂಗ್ ಆಗಿರುವ ಜಾಗದಲ್ಲಿ, ನಮ್ಮ ಕಂಪನಿ ಫೈರ್‌ವಾಲ್ ಸಾಫ್ಟ್‌ವೇರ್ ತಯಾರಿಸುತ್ತದೆ. ಒಂದು ಆಫೀಸಿನ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ನಿಂತು ‘ನೀನು ಬಾ, ನೀನು ಬೇಡ’ ಎನ್ನುವ ಕಾವಲುಗಾರ ಅದು. ನಮ್ಮ ಕಾವಲುಗಾರನಿಗೆ ಗುಂಡಿ, ಚಿತ್ರ, ಮೌಸು ಯಾವುದೂ ಗೊತ್ತಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿದರೆ ಮಾತ್ರ ಕೇಳುತ್ತಾನೆ. ಕಮಾಂಡುಗಳು ನೂರಾರು, ಒಂದೊಂದರ ಹಿಂದೆಯೂ ಬಾಲದ ಹಾಗೆ ನಾಲ್ಕಾರು ಸ್ವಿಚ್ಚುಗಳು. ಯಾವುದು ಏನು ಮಾಡುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಮ್ಯಾನುವಲ್ ಆಗಿ ಬರೆದು ವೆಬ್‌ಸೈಟಿನಲ್ಲಿ ಇಟ್ಟು, ಸಾಫ್ಟ್‌ವೇರ್ ಬದಲಾದಾಗಲೆಲ್ಲ ತಿದ್ದುವವನು ನಾನು. ಹನ್ನೊಂದು ವರ್ಷದಿಂದ ತಿದ್ದುತ್ತಲೇ ಇದ್ದೇನೆ. ಡೊಂಬಿವಲಿಯಿಂದ ಲೋಕಲ್ ಟ್ರೇನ್ ಹಿಡಿದು ಬಂದು ತಿದ್ದುವುದು, ಲೋಕಲ್ ಹಿಡಿದು ಮನೆಗೆ ಹೋಗುವುದು. ನಾನು ಮನೆ ಮುಟ್ಟುವಷ್ಟರಲ್ಲಿ ಅವರು ಸಾಫ್ಟ್‌ವೇರನ್ನು ಮತ್ತೆ ಬದಲಾಯಿಸಿರುತ್ತಾರೆ.

ಈ ವರ್ಷ ಬೇಸಿಗೆಯಲ್ಲಿ ಹೊಸ ಮ್ಯಾನೇಜರು ಬಂದರು. ಪುಣೆಯವರು, ನನಗಿಂತ ಚಿಕ್ಕವರು, ಎಲ್ಲದಕ್ಕೂ ಸಾಕ್ಷಿ ಕೇಳುವವರು. ನನ್ನ ಮ್ಯಾನುವಲ್ಲನ್ನು ಮೇಲಿಂದ ಕೆಳಗೆ ಎಳೆದರು. ಅದು ಮುಗಿಯಲೇ ಇಲ್ಲ. ಬೆರಳು ಸೋತ ಮೇಲೆ ನನ್ನನ್ನು ಕರೆದು, "ಹೇ ಕೋಣ್ ವಾಚತೋ?" ಎಂದರು. ಇದನ್ನು ಓದುವವರು ಯಾರು?

"ಗ್ರಾಹಕರು, ಸರ್."

"ಒಬ್ಬರನ್ನು ತೋರಿಸಿ. ನೂರು ಜನ ಬೇಡ. ಮ್ಯಾನುವಲ್ ಓದಿದ ಒಬ್ಬನೇ ಒಬ್ಬ ಗ್ರಾಹಕನನ್ನು ದಸರೆಯೊಳಗೆ ತೋರಿಸಿ. ಇಲ್ಲದಿದ್ದರೆ ಮ್ಯಾನುವಲ್ ಬಂದ್. ನೀವು ಜಾಹೀರಾತು ವಿಭಾಗಕ್ಕೆ ಹೋಗಿ."

ಜಾಹೀರಾತು ವಿಭಾಗದಲ್ಲಿ ಆರು ಜನ ಹುಡುಗ ಹುಡುಗಿಯರು ದುಂಡು ಮೇಜಿನ ಸುತ್ತ ಕೂತು, ಒಂದು ವಾರ ಚರ್ಚಿಸಿ ಮೂರು ಶಬ್ದ ಬರೆಯುತ್ತಾರೆ. ಐವತ್ತೆರಡನೆಯ ವಯಸ್ಸಿನಲ್ಲಿ ಅವರ ನಡುವೆ ಹೋಗಿ ಕೂರುವುದನ್ನು ನೆನೆದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಹನ್ನೊಂದ ವರ್ಷ ಬರದೀರಿ. ಒಬ್ಬರಾದ್ರೂ ಓದಿರತಾರ ಬಿಡ್ರಿ," ಎಂದಳು.

"ನೀ ಓದಿಯೇನು?"

"ನಾ ಯಾಕ ಓದ್ಲಿ? ನನ್ನ ಹತ್ರ ಎಲ್ಲಿ ಆಫೀಸ್ ಅದ?"

ಬೂದು ಡಬ್ಬಿ

ನಮ್ಮ ಮ್ಯಾನುವಲ್ಲಿನ ಪ್ರತಿ ಪುಟದಲ್ಲೂ ನಾಲ್ಕು ಪ್ಯಾರಾ ವಿವರಣೆ ಇರುತ್ತದೆ. ನಡುವೆ ಒಂದು ಬೂದು ಬಣ್ಣದ ಡಬ್ಬಿ, ಅದರೊಳಗೆ ಕಮಾಂಡ್. ವಿವರಣೆ ಬರೆಯಲು ನನಗೆ ಎರಡು ದಿನ ಬೇಕು. ಡಬ್ಬಿ ತುಂಬಲು ಎರಡು ನಿಮಿಷ.

ಮ್ಯಾನೇಜರು ಗಡುವು ಕೊಟ್ಟ ಮರುವಾರವೇ ಅಂಧೇರಿಯ ಗ್ರಾಹಕರೊಬ್ಬರ ಫೋನ್ ಬಂತು. "ನಿಮ್ಮ ಮ್ಯಾನುವಲ್ ನೋಡಿಕೊಂಡೇ ಮಾಡಿದೆ. ಇಡೀ ಆಫೀಸ್ ಬಂದ್ ಬಿದ್ದಿದೆ. ನಾನೂ ಒಳಗೆ ಹೋಗೋಕಾಗ್ತಿಲ್ಲ," ಎಂದು ಕೂಗಾಡಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮ್ಯಾನುವಲ್ ನೋಡಿಕೊಂಡು ಮಾಡಿದ್ದಾರಂತೆ!

ಅವರು ಹೊಡೆದದ್ದು ಎಲ್ಲ ಬಾಗಿಲುಗಳನ್ನೂ ಒಂದೇ ಏಟಿಗೆ ಮುಚ್ಚುವ ಕಮಾಂಡ್. ಹೊಡೆಯುವ ಮೊದಲು ನಿಮ್ಮ ಸ್ವಂತ ಕಂಪ್ಯೂಟರಿಗೆ ಅನುಮತಿ ಕೊಟ್ಟುಕೊಳ್ಳಿ, ಇಲ್ಲವಾದರೆ ನೀವೂ ಹೊರಗೇ ಉಳಿಯುತ್ತೀರಿ ಎಂದು ನಾನು ಸ್ಪಷ್ಟವಾಗಿ ಬರೆದಿದ್ದೆ.

"ಡಬ್ಬಿಯ ಮೇಲೆ ಬರೆದದ್ದನ್ನು ಓದಿದಿರಾ?" ಎಂದೆ.

"ಡಬ್ಬಿಯ ಮೇಲೆ ಏನಾದರೂ ಬರೆದಿದೆಯಾ?" ಎಂದರು.

ನಾನು ಎಚ್ಚರಿಕೆಯನ್ನು ಕೆಂಪು ಬಣ್ಣಕ್ಕೆ ತಿರುಗಿಸಿದೆ. ಮತ್ತೊಬ್ಬರು ಹೊರಗೆ ಉಳಿದರು. ದಪ್ಪ ಅಕ್ಷರ ಮಾಡಿದೆ. ಇಬ್ಬರು ಉಳಿದರು. ಇವರೆಲ್ಲರ ಕಣ್ಣು ಡಬ್ಬಿಯೊಳಗೆ ಮಾತ್ರ ಬೀಳುತ್ತದೆ ಎಂದಾದರೆ ಡಬ್ಬಿಯೊಳಗೇ ಬರೆಯೋಣ ಎಂದು ಎಚ್ಚರಿಕೆಯ ಎರಡು ಸಾಲನ್ನು ಕಮಾಂಡಿನ ತಲೆಯ ಮೇಲೆ ಡಬ್ಬಿಯೊಳಗೇ ಸೇರಿಸಿ, ಗೆದ್ದೆ ಎಂದುಕೊಂಡು ಮನೆಗೆ ಹೋದೆ.

ಮರುದಿನ ಅಂಧೇರಿಯವರದೇ ಫೋನ್. "ನಿಮ್ಮ ಕಮಾಂಡ್ ತಪ್ಪಾಗಿದೆ. ‘ವಾರ್ನಿಂಗ್’ ಅಂತ ಯಾವ ಕಮಾಂಡೂ ಇಲ್ಲ ಅಂತ ಮಶೀನ್ ಹೇಳ್ತಿದೆ."

ಎಚ್ಚರಿಕೆಯನ್ನೂ ಸೇರಿಸಿ ಇಡೀ ಡಬ್ಬಿಯನ್ನು ಎತ್ತಿ ಅಂಟಿಸಿದ್ದರು. ಮೊದಲೆರಡು ಸಾಲು ಮಶೀನಿಗೆ ತಿಳಿಯಲಿಲ್ಲ, ಮೂರನೆಯದು ತಿಳಿಯಿತು. ಆಫೀಸು ಮತ್ತೆ ಬಂದ್.

"ಸರ್, ಅದು ಮಶೀನಿಗೆ ಬರೆದದ್ದಲ್ಲ. ನಿಮಗೆ ಬರೆದದ್ದು," ಎಂದೆ.

"ನನಗಾ?" ಎಂದರು ಆತ, ನಿಜವಾಗಿಯೂ ಆಶ್ಚರ್ಯಪಟ್ಟು. "ನನಗೆ ಯಾಕೆ ಬರೀತೀರಿ? ಕೆಲಸ ಮಾಡೋದು ಅದಲ್ವಾ?"

ವಸಯಿಯ ಸುಖಿ

ಮಳೆ ಹಿಡಿದ ಮೇಲೆ ಒಂದು ಮೆಚ್ಚುಗೆಯ ಪತ್ರ ಬಂತು. ವಸಯಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಮಾಡುವ ಒಂದು ಕಾರ್ಖಾನೆಯ ಮಾಲೀಕರು ಬರೆದದ್ದು. ‘ನಿಮ್ಮ ಮ್ಯಾನುವಲ್ಲನ್ನು ಅಕ್ಷರ ಬಿಡದೆ ಪಾಲಿಸಿದ್ದೇವೆ. ಎಂಟು ತಿಂಗಳಲ್ಲಿ ನಮ್ಮ ಮೇಲೆ ಒಂದೇ ಒಂದು ದಾಳಿ ನಡೆದಿಲ್ಲ.’

ನಾನು ಕಾಗದ ಹಿಡಿದುಕೊಂಡು ಮ್ಯಾನೇಜರ ಕ್ಯಾಬಿನ್ನಿಗೆ ಓಡಿದೆ. ಅವರು ಎರಡು ಸಲ ಓದಿ, "ಹೋಗಿ ನೋಡಿ ಬನ್ನಿ. ಜೊತೆಗೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಿ," ಎಂದರು. ದಾದರಿನಲ್ಲಿ ವಿರಾರ್ ಲೋಕಲ್ ಹತ್ತಿ, ಒಂದು ಕಾಲು ಒಳಗೆ, ಇನ್ನೊಂದು ಕಾಲು ಯಾರದೋ ಚೀಲದ ಮೇಲೆ ಇಟ್ಟುಕೊಂಡು ವಸಯಿ ತಲುಪಿದೆ. ಮಾಲೀಕರು ಚಹಾ, ಕುರುಕಲು ಫರಸಾಣ ತರಿಸಿ, ಪರದೆ ತೋರಿಸಿದರು.

ನೋಡಿದ ಕೂಡಲೇ ಫರಸಾಣ ಗಂಟಲಲ್ಲೇ ನಿಂತಿತು. ಪರದೆಯ ಮೇಲಿದ್ದ ವಿಳಾಸಗಳೆಲ್ಲ ನನ್ನವು. ಕಂಪ್ಯೂಟರುಗಳಿಗೂ ಮನೆ ನಂಬರಿನ ಹಾಗೆ ವಿಳಾಸ ಇರುತ್ತದೆ. ಉದಾಹರಣೆ ಬರೆಯುವಾಗ ನಾವು ಸುಳ್ಳು ವಿಳಾಸ ಹಾಕುತ್ತೇವೆ. ಶಾಲೆಯಲ್ಲಿ ಪತ್ರಲೇಖನಕ್ಕೆ ‘ಅ.ಬ.ಕ., ಮುಖ್ಯ ರಸ್ತೆ’ ಎಂದು ಬರೆಯುತ್ತಿದ್ದೆವಲ್ಲ, ಹಾಗೆ. ಅಲ್ಲಿ ಯಾರೂ ವಾಸ ಮಾಡುವುದಿಲ್ಲ. ಇವರು ಅದನ್ನು ಅಕ್ಷರ ಬಿಡದೆ ಹಾಗೆಯೇ ಇಳಿಸಿಕೊಂಡಿದ್ದರು. ಎಂಟು ತಿಂಗಳಿಂದ ನಮ್ಮ ಕಾವಲುಗಾರ ಇಲ್ಲದ ಊರಿಗೆ ಪಹರೆ ಕೊಡುತ್ತಿದ್ದ. ಕಾರ್ಖಾನೆಯ ಕಂಪ್ಯೂಟರುಗಳು ಬಾಗಿಲಿಲ್ಲದೆ ನಡುಬೀದಿಯಲ್ಲಿ ನಿಂತಿದ್ದವು.

ವಿಷಯ ಬಿಡಿಸಿ ಹೇಳಿದೆ. ಅವರು ಗಡ್ಡ ತುರಿಸಿಕೊಂಡರು.

"ಸರಿಪಡಿಸಿದರೆ ದಾಳಿ ಆದದ್ದು ಕಾಣಿಸುತ್ತದಾ?"

"ಎಲ್ಲ ಕಾಣಿಸುತ್ತದೆ. ದಿನಕ್ಕೆ ನೂರಾರು."

"ಹಾಗಾದರೆ ರೆಹನೇ ದೋ, ಭಾಯಿ, ಇದ್ದ ಹಾಗೇ ಇರಲಿ. ಎಂಟು ತಿಂಗಳಿಂದ ಒಳ್ಳೇ ನಿದ್ದೆ ಬರ್ತಿದೆ."

ನಾನು ಬಿಡಲಿಲ್ಲ. ಮಧ್ಯಾಹ್ನವೆಲ್ಲ ಕೂತು ಒಂದೊಂದೇ ವಿಳಾಸ ತಿದ್ದಿ, ಕಾರ್ಖಾನೆಗೆ ನಿಜವಾದ ಕಾವಲು ಹಾಕಿ, ಫೋಟೋ ಕೇಳುವ ಮುಖ ಉಳಿಯದೆ ವಾಪಸ್ಸು ಬಂದೆ. ಎರಡು ದಿನದ ಮೇಲೆ ಮ್ಯಾನೇಜರ ಹೆಸರಿಗೆ ಇನ್ನೊಂದು ಪತ್ರ ಬಂತು. ‘ನಿಮ್ಮ ಮನುಷ್ಯ ಬಂದು ಹೋದ ಗಳಿಗೆಯಿಂದ ನಮ್ಮ ಮೇಲೆ ದಾಳಿ ಶುರುವಾಗಿದೆ. ದಯವಿಟ್ಟು ಅವರನ್ನು ಮತ್ತೆ ಕಳಿಸಬೇಡಿ.’

ಇಲ್ಲದ ಸ್ವಿಚ್ಚು

ನಮ್ಮಲ್ಲಿ ‘ಸ್ಮೂತ್’ ಎಂಬ ಒಂದು ಸ್ವಿಚ್ಚು ಇದೆ. ಕಮಾಂಡಿನ ಕೊನೆಗೆ ಅದನ್ನು ಸೇರಿಸಿದರೆ ‘ಸಂಚಾರ ಸುಗಮವಾಗುತ್ತದೆ’ ಎಂದು ಮ್ಯಾನುವಲ್ ಹೇಳುತ್ತದೆ. ಅಷ್ಟೇ ಹೇಳುತ್ತದೆ. ಠಾಣೆಯ ಒಬ್ಬ ಗ್ರಾಹಕರು ಇಮೇಲ್ ಬರೆದು, ಅದು ಹೇಗೆ ಸುಗಮವಾಗುತ್ತದೆ ಎಂದು ಕೇಳಿದರು. ಪ್ರಶ್ನೆ ಕೇಳಿದ್ದಾರೆಂದರೆ ಓದಿದ್ದಾರೆ ಎಂದುಕೊಂಡು ನಾನು ಹುರುಪಿನಿಂದ ಪ್ರೋಗ್ರಾಮರನ ಹತ್ತಿರ ಹೋದೆ. ಆತ ಪುತ್ತೂರಿನ ಕಡೆಯವನು, ಬೊರಿವಲಿಯಲ್ಲಿ ಬೆಳೆದವನು. ಕಿವಿಯಿಂದ ಹೆಡ್‌ಫೋನ್ ತೆಗೆದು ನನ್ನ ಪುಟವನ್ನೇ ತೆರೆದ.

"ಎಂತ ಮಾರಾಯ್ರೆ, ಇಲ್ಲೇ ಉಂಟಲ್ಲ. ಸಂಚಾರ ಸುಗಮ ಆಗ್ತದೆ ಅಂತ."

"ಅದನ್ನು ಬರೆದವನು ನಾನು. ನಿಮ್ಮ ಸೀಟಿನಲ್ಲಿ ಮೊದಲು ಇದ್ದವರನ್ನು ಕೇಳಿ ಬರೆದೆ."

ಆ ಮೊದಲಿನವರಿಗೆ ಫೋನ್ ಮಾಡಿದೆವು. ಅವರು ಈಗ ಬೇರೆ ಕಂಪನಿಯಲ್ಲಿದ್ದಾರೆ. "ನನಗೇನು ಗೊತ್ತು? ನೀವು ಕೇಳಿದಾಗ ನಾನು ನಿಮ್ಮ ಹಳೇ ಮ್ಯಾನುವಲ್ ನೋಡಿ ಹೇಳಿದ್ದೆ," ಎಂದರು. ಹಳೇ ಮ್ಯಾನುವಲ್ ಬರೆದವರು ಯಾರೆಂದು ಯಾರಿಗೂ ನೆನಪಿಲ್ಲ. ಪ್ರೋಗ್ರಾಮರ್ ಅರ್ಧ ದಿನ ಕೋಡ್ ಜಾಲಾಡಿದ. ಅಂಥ ಸ್ವಿಚ್ಚೇ ಇರಲಿಲ್ಲ. ಬೇರೆ ಸ್ವಿಚ್ಚುಗಳಿಗೆ ಮಶೀನು ತಕರಾರು ಮಾಡುತ್ತದೆ. ಇದನ್ನು ಮಾತ್ರ ಹಳೆಯ ಕೋಡಿನ ಯಾವುದೋ ಸಡಿಲದಿಂದ ಸುಮ್ಮನೆ ನುಂಗಿಕೊಳ್ಳುತ್ತಿತ್ತು.

ಸುಳ್ಳನ್ನು ಇಟ್ಟುಕೊಳ್ಳಬಾರದೆಂದು ಪುಟದಿಂದ ತೆಗೆದೆ. ಇನ್ನು ಮೇಲೆ ಸ್ಮೂತ್ ಹಾಕಬೇಡಿ ಎಂದು ಎಲ್ಲ ಗ್ರಾಹಕರಿಗೂ ಒಂದು ಸಾಲಿನ ಇಮೇಲ್ ಹೋಯಿತು. ಮೂರೇ ದಿನದಲ್ಲಿ ದೂರುಗಳು ಬರತೊಡಗಿದವು. ಸ್ಮೂತ್ ತೆಗೆದಾಗಿನಿಂದ ನೆಟ್ ನಿಧಾನವಾಗಿದೆ. ವಿಡಿಯೋ ಕರೆಯಲ್ಲಿ ಮುಖ ಒಡೆಯುತ್ತಿದೆ. ಒಬ್ಬರಂತೂ ಪ್ರಿಂಟರ್ ಕೂಡ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ಬರೆದರು. ನಾನೂ ಪ್ರೋಗ್ರಾಮರನೂ ಮುಖ ಮುಖ ನೋಡಿಕೊಂಡೆವು.

"ವಾಪಸ್ ಹಾಕಿ ಮಾರಾಯ್ರೆ," ಎಂದ ಆತ. "ಜನಕ್ಕೆ ಅದರಿಂದ ಗುಣ ಆಗ್ತದೆ."

ವಾಪಸ್ಸು ಹಾಕಿದೆ. ಧನ್ಯವಾದದ ಇಮೇಲುಗಳು ಬಂದವು. ಠಾಣೆಯವರೊಂದಿಗೆ ಮಾತಾಡಿ ನೋಡಿದರೆ ಅವರು ಮ್ಯಾನುವಲ್ ಓದಿ ಕೇಳಿದ್ದಲ್ಲವಂತೆ. ಪಕ್ಕದ ಆಫೀಸಿನವರು ಹಾಕಿಕೊಂಡಿದ್ದಾರೆ, ನಾವೂ ಹಾಕಿಕೊಳ್ಳೋಣವೇ ಎಂದು ವಿಚಾರಿಸಿದ್ದಂತೆ. ಅದೇ ತಿಂಗಳು ಜಾಹೀರಾತು ವಿಭಾಗದ ಆರು ಜನ ಒಂದು ವಾರ ಕೂತು ನಮ್ಮ ಹೊಸ ಆವೃತ್ತಿಗೆ ಮೂರು ಶಬ್ದ ಬರೆದರು: ‘ಈಗ ಇನ್ನಷ್ಟು ಸ್ಮೂತ್.’

ಬಿಲ್ಡಿಂಗಿನ ಗೇಟು

ಹೊರಗಿನವರಿಗೆ ನನ್ನ ಕೆಲಸ ಬಿಡಿಸಿ ಹೇಳುವಾಗ ನಾನು ಗೇಟಿನ ವಾಚ್‌ಮನ್‌ನ ಹೋಲಿಕೆ ಕೊಡುವುದು ರೂಢಿ. ಅದೇ ನನಗೆ ಮುಳುವಾಯಿತು. ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಒಂದು ಭಾನುವಾರ ಬಂದು, "ನೀವು ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅಂತ ಬರೆಯೋದರಲ್ಲಿ ಎಕ್ಸ್‌ಪರ್ಟ್ ಅಂತೆ. ನಮ್ಮ ಗೇಟಿಗೂ ಬರೆದುಕೊಡಿ. ಹೊಸ ವಾಚ್‌ಮನ್ ಕನ್ನಡದವನು, ಕನ್ನಡದಲ್ಲೇ ಬರೆಯಿರಿ," ಎಂದರು.

ಒಂದು ತಾಸಿನಲ್ಲಿ ಬರೆದೆ. ಫೈರ್‌ವಾಲಿಗೆ ಬರೆಯುವ ಹಾಗೆಯೇ ಒಂದರ ಕೆಳಗೊಂದು ನಿಯಮ. ‘ಮೇಲಿನಿಂದ ಕೆಳಗೆ ಓದುತ್ತ ಬನ್ನಿ. ಯಾವ ಸಾಲು ಹೊಂದುತ್ತದೋ ಅದನ್ನು ಪಾಲಿಸಿ. ಒಂದು: ಬಿಲ್ಡಿಂಗಿನ ನಿವಾಸಿಗಳು ಹೋಗಬಹುದು, ಬರಬಹುದು. ಎರಡು: ಹಾಲಿನವರು ಒಳಗೆ ಬರಬಹುದು. ಮೂರು: ಸಿಲಿಂಡರಿನವರು ಒಳಗೆ ಬರಬಹುದು...’ ಹೀಗೆ ಕೊರಿಯರ್, ಮನೆಗೆಲಸದ ಬಾಯಿಯಂದಿರು, ಪ್ಲಂಬರ್ ಎಲ್ಲರನ್ನೂ ಸೇರಿಸಿ, ಕೊನೆಗೆ ನಮ್ಮ ಕಸುಬಿನಲ್ಲಿ ತಪ್ಪದೆ ಹಾಕುವ ಸಾಲನ್ನು ಹಾಕಿದೆ: ‘ಉಳಿದದ್ದೆಲ್ಲವನ್ನೂ ತಡೆಯಿರಿ.’

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟು ಕೆಳಗಿಳಿದರೆ ಗೇಟಿನ ಒಳಬದಿಯಲ್ಲಿ ಸಂತೆ. ಹಾಲಿನವನು ಖಾಲಿ ಕ್ರೇಟಿನ ಮೇಲೆ ಕೂತಿದ್ದಾನೆ. ಸಿಲಿಂಡರಿನವರು ಇಬ್ಬರು ಬೀಡಿ ಸೇದುತ್ತಿದ್ದಾರೆ. ನಾಲ್ಕು ಜನ ಬಾಯಿಯಂದಿರು ಮರಾಠಿಯಲ್ಲಿ ವಾಚ್‌ಮನ್‌ನ ಏಳು ತಲೆಮಾರನ್ನು ಎತ್ತಿ ಆಡುತ್ತಿದ್ದಾರೆ. ಒಳಗೆ ಬಂದವರನ್ನು ಯಾರನ್ನೂ ಆತ ಹೊರಗೆ ಬಿಟ್ಟಿರಲಿಲ್ಲ. ಸೆಕ್ರೆಟರಿ ಲುಂಗಿಯಲ್ಲೇ ಓಡಿ ಬಂದಿದ್ದರು.

ವಾಚ್‌ಮನ್ ವಿಜಯಪುರದ ಕಡೆಯವನು. ಕಾಗದ ಕೈಯಲ್ಲಿ ಹಿಡಿದು ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ.

"ಯಾಕಪ್ಪಾ, ಬಿಡು ಅವರನ್ನ," ಎಂದೆ.

"ಒಳಗ ಬರೂದು ಬರದೀರ್‍ರಿ ಸಾಹೇಬ್ರ. ಹೊರಗ ಹೋಗೂದು ಎಲ್ಲಿ ಬರದೀರಿ, ತೋರಸ್ರಿ. ನಿವಾಸಿಗಳಿಗೆ ಹೋಗೂದೂ ಐತಿ, ಬರೂದೂ ಐತಿ. ಹಾಲಿನಾಂವಗ ಬರೇ ಬರೂದು ಐತಿ. ಕಡೀ ಸಾಲ ಓದ್ರಿ. ಉಳದದ್ದೆಲ್ಲಾ ತಡೀರಿ."

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಫೈರ್‌ವಾಲಿನಲ್ಲಿ ಒಳಗೆ ಬಂದದ್ದಕ್ಕೆ ವಾಪಸ್ಸು ಹೋಗಲು ಬೇರೆ ನಿಯಮ ಬರೆಯಬೇಕಿಲ್ಲ. ಅದು ತಾನೇ ನೆನಪಿಟ್ಟುಕೊಂಡು ಬಿಡುತ್ತದೆ. ಆ ಅಭ್ಯಾಸದಲ್ಲಿ ನಾನು ಮನುಷ್ಯರಿಗೂ ಬರೆದಿರಲಿಲ್ಲ. ಎಲ್ಲರೂ ನನ್ನನ್ನು ಬೈಯುತ್ತಿದ್ದರು. ನನಗೆ ಮಾತ್ರ ಆ ಮನುಷ್ಯನನ್ನು ಅಪ್ಪಿಕೊಳ್ಳುವಂತಾಯಿತು. ಹನ್ನೊಂದು ವರ್ಷದಲ್ಲಿ ನಾನು ಬರೆದದ್ದನ್ನು ಕೊನೆಯ ಸಾಲಿನವರೆಗೆ ಓದಿದ ಮೊದಲ ಪ್ರಾಣಿ ಅವನು.

ಆಫೀಸಿಗೆ ಹೋಗಿ ಮ್ಯಾನೇಜರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಆತ ನಮ್ಮ ಗ್ರಾಹಕನಾ?"

"ಅಲ್ಲ, ಸರ್."

"ಆತ ಓದಿದ್ದು ನಮ್ಮ ಮ್ಯಾನುವಲ್ಲಾ?"

"ಅಲ್ಲ, ಸರ್."

"ಓದಿದ್ದರಿಂದ ಏನು ಉಪಯೋಗವಾಯಿತು?"

"ನಾಲ್ಕು ಜನ ಬಾಯಿಯಂದಿರು ಕೆಲಸ ಬಿಟ್ಟರು, ಸರ್."

ಏಳು ದಿನದ ಪರೀಕ್ಷೆ

ಗಣಪತಿ ಹಬ್ಬ ಬಂತು. ದಸರೆಗೆ ಇನ್ನು ಒಂದೇ ತಿಂಗಳು. ಮ್ಯಾನೇಜರಿಗೆ ನನ್ನ ಹುಡುಕಾಟ ನೋಡಿ ಸಾಕಾಗಿ, ಒಂದು ಪರೀಕ್ಷೆ ಯೋಚಿಸಿದರು. ಏಳು ದಿನ ಮ್ಯಾನುವಲ್ಲನ್ನು ಯಾರಿಗೂ ಕಾಣದಂತೆ ಮುಚ್ಚುವುದು. ಓದುವವರು ಇದ್ದರೆ ದೂರು ಕೊಡುತ್ತಾರೆ. ದೂರು ಬರದಿದ್ದರೆ ವಿಷಯ ಮುಗಿಯಿತು. ವೆಬ್‌ಸೈಟಿನ ದೂರಿನ ಫಾರ್ಮಿನಲ್ಲಿ ಬಂದದ್ದನ್ನು ಮಾತ್ರ ಎಣಿಸಲಾಗುವುದು. ಫೋನ್ ಮಾಡುವವರು ಓದುವ ಪೈಕಿಯಲ್ಲ ಎಂದು ಅವರ ಲೆಕ್ಕ.

ಮುಚ್ಚುವ ಕೆಲಸ ನಮ್ಮ ನೆಟ್‌ವರ್ಕಿನವನದು. ಆತ ಕೊಂಕಣದವನು. ಗಣಪತಿಗೆ ಊರಿಗೆ ಹೊರಟು ಹೆಗಲಿಗೆ ಬ್ಯಾಗ್ ಹಾಕಿಕೊಂಡೇ ಬಂದು, ನಮ್ಮದೇ ಫೈರ್‌ವಾಲಿನಲ್ಲಿ ಒಂದು ನಿಯಮ ಹೊಡೆದು, ಟ್ರೇನ್ ಹಿಡಿಯಲು ಓಡಿದ.

ಮೊದಲ ದಿನ ದೂರು ಇಲ್ಲ. ಎರಡನೆಯ ದಿನವೂ ಇಲ್ಲ. ಮ್ಯಾನೇಜರು ದಿನಾ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, ಬೆರಳಿನಿಂದ ಸೊನ್ನೆ ತೋರಿಸಿ ಹೋಗುತ್ತಿದ್ದರು. ಆರನೆಯ ದಿನದ ಹೊತ್ತಿಗೆ ನಾನು ಸೋತಿದ್ದೆ. ಊಟದ ಡಬ್ಬಿ ತೆರೆಯುವ ಮನಸ್ಸೂ ಆಗುತ್ತಿರಲಿಲ್ಲ. ಹನ್ನೊಂದು ವರ್ಷ ಯಾರೂ ಇಲ್ಲದ ಕೋಣೆಯಲ್ಲಿ ಒಬ್ಬನೇ ಮಾತಾಡಿಕೊಂಡಿದ್ದೆನಲ್ಲ ಎಂದು ಬಹಳ ಬೇಸರವಾಯಿತು. ಹೆಂಡತಿ, "ಜಾಹೀರಾತಿನ್ಯಾಗೂ ಮಂದಿನ ಇರತಾರಲ್ರಿ," ಎಂದು ಸಮಾಧಾನ ಹೇಳಿದಳು.

ಏಳನೆಯ ದಿನ ಬೆಳಿಗ್ಗೆ ದೊಡ್ಡ ಗ್ರಾಹಕರೊಬ್ಬರು ನೇರವಾಗಿ ಮ್ಯಾನೇಜರಿಗೇ ಫೋನ್ ಮಾಡಿದರು. ಮಧ್ಯಾಹ್ನ ಅವರಲ್ಲಿ ತಪಾಸಣೆ, ಅಧಿಕಾರಿಗಳಿಗೆ ಮ್ಯಾನುವಲ್ ತೋರಿಸಬೇಕು, ಅದು ತೆರೆಯುತ್ತಿಲ್ಲ. ವಾರದಿಂದ ದೂರು ಕೊಡಲು ನೋಡುತ್ತಿದ್ದಾರೆ, ಫಾರ್ಮೂ ತೆರೆಯುತ್ತಿಲ್ಲ.

ಆಗ ತಿಳಿಯಿತು. ಮ್ಯಾನುವಲ್ ಇರುವ ಮಶೀನಿನಲ್ಲೇ ದೂರಿನ ಫಾರ್ಮೂ ಇತ್ತು. ನೆಟ್‌ವರ್ಕಿನವನು ಅವಸರದಲ್ಲಿ ಇಡೀ ಮಶೀನನ್ನೇ ಮುಚ್ಚಿದ್ದ. ಮೂಗು ಹಿಡಿದು ಬಾಯಿಯನ್ನೂ ಮುಚ್ಚಿದ ಮೇಲೆ ಕೂಗು ಎಲ್ಲಿಂದ ಬರಬೇಕು? ಗ್ರಾಹಕರ ಫೋನ್ ಎತ್ತುವ ಹುಡುಗಿಯನ್ನು ಮ್ಯಾನೇಜರು ಕರೆಸಿದರು. "ವಾರದಿಂದ ಒಂದೇ ಸಮನೆ ಕರೆ ಬರ್ತಿದೆ, ಸರ್," ಎಂದಳು. "ನೀವು ಹೇಳಿದ ಹಾಗೆ ಎಲ್ಲರಿಗೂ ಫಾರ್ಮ್ ತುಂಬಿ ಅಂತ ಹೇಳಿದೆ."

"ತಕ್ಷಣ ತೆರೆಯಿರಿ!" ಎಂದರು ಮ್ಯಾನೇಜರು.

ನೆಟ್‌ವರ್ಕಿನವನಿಗೆ ಫೋನ್ ಹೋಗಲಿಲ್ಲ. ಅವನ ಊರಿನಲ್ಲಿ ರೇಂಜ್ ಸಿಗಬೇಕಾದರೆ ಗುಡ್ಡ ಹತ್ತಬೇಕಂತೆ. ಪ್ರೋಗ್ರಾಮರನೂ ಹಬ್ಬಕ್ಕೆ ಪುತ್ತೂರಿಗೆ ಹೋಗಿದ್ದವನು ವಾಪಸ್ಸು ಬರುವ ಬಸ್ಸಿನಲ್ಲಿ ಘಟ್ಟ ಹತ್ತುತ್ತಿದ್ದ. ಮ್ಯಾನೇಜರು ಪಾಸ್‌ವರ್ಡ್ ಹಾಕಿ ಕಪ್ಪು ಪರದೆ ತೆರೆದು ನನ್ನ ಕಡೆ ತಿರುಗಿದರು. "ಒಂದು ನಿಯಮ ಅಳಿಸುವ ಕಮಾಂಡ್ ಏನು?"

ನಮ್ಮಲ್ಲಿ ಅದಕ್ಕೆ ‘ಡಿ’ ಎಂಬ ಸ್ವಿಚ್ಚು. ಸಣ್ಣ ಡಿ ಒಂದಿದೆ, ದೊಡ್ಡ ಡಿ ಒಂದಿದೆ. ಒಂದು ಆ ನಿಯಮವನ್ನು ಮಾತ್ರ ಅಳಿಸುತ್ತದೆ. ಇನ್ನೊಂದು ಎಲ್ಲ ನಿಯಮಗಳನ್ನೂ ಗುಡಿಸಿ, ಇಡೀ ಕಂಪನಿಯನ್ನು ವಸಯಿಯ ಬಕೆಟ್ ಕಾರ್ಖಾನೆಯ ಹಾಗೆ ಬೀದಿಗೆ ನಿಲ್ಲಿಸುತ್ತದೆ. ಯಾವುದು ಯಾವುದು ಎಂದು ನನಗೆ ನೆನಪಿರಲಿಲ್ಲ.

"ನೀವೇ ಬರೆದದ್ದಲ್ಲವಾ?"

"ಬರೆದಿಟ್ಟ ಮೇಲೆ ನೆನಪು ಯಾಕೆ ಇಟ್ಟುಕೊಳ್ಳಬೇಕು, ಸರ್? ಬೇಕಾದಾಗ ಮ್ಯಾನುವಲ್ ನೋಡುತ್ತೇನೆ."

ಮ್ಯಾನುವಲ್ ಬೀಗದ ಒಳಗೆ, ಬೀಗದ ಕೈ ಮ್ಯಾನುವಲ್ಲಿನ ಒಳಗೆ. ನನ್ನ ಕರಡುಗಳೂ ಅದೇ ಮಶೀನಿನಲ್ಲಿ. ಸ್ವಂತ ಕಂಪ್ಯೂಟರಿನಲ್ಲಿ ಪ್ರತಿ ಇಟ್ಟುಕೊಳ್ಳಬಾರದೆಂದು ಕಂಪನಿಯ ನಿಯಮ. ಕಪ್ಪು ಪರದೆಯನ್ನೇ ಸಹಾಯ ಕೇಳಿದೆವು. ‘ವಿವರಗಳಿಗೆ ಮ್ಯಾನುವಲ್ ನೋಡಿ’ ಎಂದಿತು. ಎಐಯನ್ನು ಕೇಳಿದೆವು. ಅದು ಬಹಳ ವಿನಯದಿಂದ, ಇಲ್ಲದ ಕಮಾಂಡ್ ಒಂದನ್ನು ಹೇಳಿ, ಜೊತೆಗೆ ಸ್ಮೂತ್ ಹಾಕಿದರೆ ಇನ್ನೂ ಒಳ್ಳೆಯದು ಎಂದಿತು. ಮ್ಯಾನೇಜರು ತಲೆ ಹಿಡಿದುಕೊಂಡು ಕೂತರು.

ಫೋನಿನ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. "ಸರ್, ಈ ವಾರ ಎಲ್ಲರೂ ಮ್ಯಾನುವಲ್ ತೆರೆಯುತ್ತಿಲ್ಲ ಅಂದರು. ಪೇಜ್ ನಂಬರ್ ಅಂಕಲ್ ಮಾತ್ರ ನಿನ್ನೆಯೂ ಫೋನ್ ಮಾಡಿ, ಇನ್ನೂರ ಹನ್ನೆರಡನೇ ಪೇಜ್ ಮುಂದೆ ಇಟ್ಕೊಂಡಿದೀನಿ ಅಂದರು."

"ಯಾರವರು?" ಎಂದು ನಾನೂ ಮ್ಯಾನೇಜರೂ ಒಟ್ಟಿಗೇ ಕೇಳಿದೆವು.

ಮುಲುಂಡಿನ ಒಂದು ಗೋಡೌನಿನವರು. ಸ್ಟೋ‌ರ್‌ಕೀಪರ್. ರಿಜಿಸ್ಟರ್ ನೋಡಿಕೊಳ್ಳುವವರು ಫೈರ್‌ವಾಲನ್ನೂ ನೋಡಿಕೊಳ್ಳಲಿ ಎಂದು ಮಾಲೀಕರು ಒಪ್ಪಿಸಿದ್ದರಂತೆ. ವಾರಕ್ಕೆ ಎರಡು ಸಲ ಫೋನ್ ಮಾಡಿ ಇಂಥ ಪುಟದ ಇಂಥ ಸಾಲು ಎಂದು ಮಾತಾಡುತ್ತಾರಂತೆ.

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದೆ.

"ಅವರದು ಕಂಪ್ಲೇಂಟ್ ಅಲ್ಲ, ಸರ್. ಬರೀ ಓದ್ತಾರೆ. ಅದಕ್ಕೆ ನಮ್ಮಲ್ಲಿ ಕಾಲಮ್ ಇಲ್ಲ."

ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆವು. ಆ ಕಡೆಯಿಂದ ಹಿಂದಿಯಲ್ಲಿ ಒಂದು ವಾಕ್ಯ ಬಂತು, ಅದರ ಎಳೆತ ಕೇಳಿದ ಕೂಡಲೇ ನಾನು ಕನ್ನಡಕ್ಕೆ ಇಳಿದೆ. ನಿಮ್ಮ ಹತ್ತಿರ ನಮ್ಮ ಮ್ಯಾನುವಲ್ ಇದೆಯೇ ಎಂದು ಕೇಳಿದೆ.

"ಅದರಿ. ಪೂರಾ ಪ್ರಿಂಟ್ ತಗಿಸಿ, ದಾದರ್‌ನ್ಯಾಗ ಬೈಂಡ್ ಮಾಡಿಸಿ, ಕೆಂಪು ವಸ್ತ್ರದಾಗ ಕಟ್ಟಿ ಇಟ್ಟೀನ್ರಿ. ದಿನಾ ಮುಂಜಾನೆ ಬಂದು ಊದಿನಕಡ್ಡಿ ಹಚ್ಚಿ, ಒಂದ್ ಅಧ್ಯಾಯ ಓದಿ, ಆಮ್ಯಾಲೆ ಮಶೀನ್ ಮುಟ್ಟೂದು. ಈಗ ನಾಲ್ಕನೇ ಪಾರಾಯಣ ನಡದದ."

ಪಾರಾಯಣ ಎಂಬ ಮಾತು ಮರಾಠಿಯಲ್ಲೂ ಅದೇ. ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತರು.

"ಎಲ್ಲಾ ತಿಳೀತದೇನ್ರಿ?" ಎಂದೆ.

"ತಿಳಿಯೂದು ಆಮ್ಯಾಲಿಂದ್ರಿ. ಮೊದಲ ಓದಬೇಕು."

ನಿಯಮ ಅಳಿಸುವ ಕಮಾಂಡ್ ಬೇಕಿತ್ತು ಎಂದೆ. ಪುಟ ತಿರುವುವ ಸದ್ದೂ ಕೇಳಲಿಲ್ಲ, ಅಷ್ಟರಲ್ಲಿ ಉತ್ತರ ಬಂತು. "ಸಣ್ಣ ಡಿ ಹಾಕ್ರಿ, ಮುಂದ ನಿಯಮದ ನಂಬರ್. ದೊಡ್ಡ ಡಿ ಹೊಡದೀರಿ ಜ್ವಾಕಿ, ಎಲ್ಲಾ ಬಯಲಾಗತದ. ಅಲ್ಲೇ ಕೆಂಪಕ್ಷರದಾಗ ಬರದಾರ್‍ರಿ. ಪಾಪ, ಎರಡೆರಡ ಸಲ ಬರದಾರ."

ಪಾಪ ಎಂದ ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿ ಬಂತು. ಪರದೆ ಮಂಜಾಗಿ ಕಾಣುತ್ತಿತ್ತು. ಸಣ್ಣ ಡಿ ಹೊಡೆದೆ. ಮ್ಯಾನುವಲ್ ತೆರೆಯಿತು. ಅದರ ಬೆನ್ನಿಗೇ ಏಳು ದಿನದಿಂದ ಫಾರ್ಮ್ ತೆರೆಯಲೆಂದು ಕಾದಿದ್ದವರ ದೂರುಗಳು ಒಂದರ ಮೇಲೊಂದು ಬಂದು ಬೀಳತೊಡಗಿದವು. ಮ್ಯಾನೇಜರು ಅವುಗಳ ಕಡೆ ನೋಡಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು, "ಒಬ್ಬ ಸಾಕು ಅಂದಿದ್ದೆ. ಸಿಕ್ಕ. ಮ್ಯಾನುವಲ್ ಇರಲಿ, ನೀವೂ ಇರಿ," ಎಂದರು.

ಆ ಕಡೆಯವರು ಇನ್ನೂ ಫೋನ್ ಇಟ್ಟಿರಲಿಲ್ಲ. "ಕೆಲಸ ಆತೇನ್ರಿ? ತಾವು ಯಾರು ಮಾತಾಡೂದು? ಹೊಸದಾಗಿ ಸೇರೀರೇನು?"

"ಇಲ್ರಿ," ಎಂದೆ. "ಆ ಮ್ಯಾನುವಲ್ ಬರದಾವ ನಾನ."



"ಹೌದೇನ್ರಿ? ಹಂಗಾರ ನೀವೂ ಒಮ್ಮೆ ಓದಿ ನೋಡ್ರಿ. ಛಲೋ ಅದ."